ಉರುಳೋದು ಮುಖ್ಯ ಅಲ್ಲ, ನಿಲ್ಲೋದು ಮುಖ್ಯ

ಅರೆಕೆರೆಯ ಮೈಕೋ ಲೇಔಟ್‌ನ ಹೆಸರಲ್ಲೇ ಒಂದು ಕಾರ್ಖಾನೆ ಇದೆ. 1951ರಲ್ಲಿ ಶುರುವಾದ ಮೈಕೋ ಈಗ ಬಾಷ್ ಆಗಿದೆ, ಹಳೇ ಹೆಸರು ಬಡಾವಣೆಗೆ ಅಂಟಿಕೊಂಡಿದೆ. ಅಂಥ ಕಾರ್ಖಾನೆಗಳಲ್ಲಿ ದೊಡ್ಡ ಮಷೀನು ಒಂದ್ಸಲ ಕೂತರೆ ಮುಗೀತು: ಕಾಂಕ್ರೀಟ್ ಪಾಯ, ಆಂಕರ್ ಬೋಲ್ಟು. ವಾರವೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತು ಶನಿವಾರ ಮರ ಕೊಯ್ಯೋ ನಮ್ಮಂಥವರಿಗೆ ಸಿಗೋದು ಬಾಡಿಗೆ ಶೆಡ್ಡು, ಇಲ್ಲಾಂದ್ರೆ ಕಾರು ನಿಲ್ಲಿಸೋ ಜಾಗ. ಅಗ್ರಿಮೆಂಟು 11 ತಿಂಗಳದ್ದು. ನೆಲ ಕೊರೀತೀನಿ ಅಂದ್ರೆ ಓನರ್ ಒಪ್ಪಲ್ಲ. ಹಾಗಾಗಿ ಲೆವೆಲಿಂಗ್ ಕ್ಯಾಸ್ಟರ್ ಅನ್ನೋ ವಸ್ತುವಿನ ಮೇಲೆ ನಮಗೆ ಆಸೆ ಹುಟ್ಟೋದು ಸಹಜ.

ಐಡಿಯಾ ಚೆನ್ನಾಗಿದೆ. ಸಣ್ಣ ನೈಲಾನ್ ಚಕ್ರ, ಪಕ್ಕದಲ್ಲೇ ರಬ್ಬರ್ ಪಾದ. ಹಲ್ಲಿನ ಗಾಲಿ ತಿರುಗಿಸಿದ್ರೆ ಪಾದ ಕೆಳಗಿಳಿದು ಮಷೀನನ್ನ ಎತ್ತುತ್ತೆ, ಚಕ್ರ ಗಾಳಿಯಲ್ಲಿ ನಿಲ್ಲುತ್ತೆ. ಮಾಮೂಲಿ ಬ್ರೇಕ್ ಕ್ಯಾಸ್ಟರ್‌ಗಿಂತ ಇದು ಎಷ್ಟೋ ಮೇಲು. ಬ್ರೇಕು ಚಕ್ರ ಉರುಳೋದನ್ನ ತಡೆಯುತ್ತೆ ಅಷ್ಟೇ, ಅಲುಗಾಟವನ್ನಲ್ಲ.

ನನ್ನ ತಕರಾರು ಇದನ್ನ ಮಾರೋ ರೀತಿ ಬಗ್ಗೆ. "ನಾಲ್ಕರ ಸೆಟ್, 1000 ಕೆಜಿ" ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಅಂದ್ರೆ ಒಂದಕ್ಕೆ 250. ಆದರೆ ನಮ್ಮ ನೆಲ ಯಾವತ್ತು ಸಮ ಇತ್ತು ಹೇಳಿ? ಹೋಟೆಲ್ ಟೇಬಲ್ ಕುಂಟೋ ಹಾಗೆ ಗಟ್ಟಿ ಫ್ರೇಮಿನ ಮಷೀನೂ ಕುಂಟುತ್ತೆ, ಒಂದು ಕಾಲಿಗೆ ಭಾರವೇ ಬೀಳಲ್ಲ. ಅದಕ್ಕೇ ಮಷೀನಿನ ತೂಕವನ್ನ ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು. 600 ಕೆಜಿಯ ಬ್ಯಾಂಡ್‌ಸಾಗೆ ಒಂದೊಂದು ಕ್ಯಾಸ್ಟರೂ 200 ಕೆಜಿ ಹೊರಬೇಕು, 150 ಅಲ್ಲ. ಮೋಟಾರು ಒಂದೇ ಬದಿಗಿದ್ರೆ ಆ ಕಡೆಗೆ ಇನ್ನೂ ಜಾಸ್ತಿ. ಹಾಗಾಗಿ ಈ ಸೆಟ್ಟು 600ಕ್ಕೆ ಸಾಕು, 1000ಕ್ಕೆ ಖಂಡಿತ ಸಾಲದು.

ಎರಡನೇದು ನೆಲ. ಭಾರವೆಲ್ಲಾ ನಾಲ್ಕು ಪುಟ್ಟ ಪಾದಗಳ ಮೇಲೆ. ಟೈಲ್ ಅಡಿಯಲ್ಲಿ ಸಿಮೆಂಟ್ ತುಂಬದೆ ಪೊಳ್ಳಿದ್ರೆ ಬಿರುಕು ಗ್ಯಾರಂಟಿ. ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಪಾದದ ಕೆಳಗೆ ದಪ್ಪ ಉಕ್ಕಿನ ತಟ್ಟೆ ಇಡಿ. ಸಣ್ಣ ಚಕ್ರಕ್ಕೆ ಹೊಸಿಲೇ ಬೆಟ್ಟ. ತೂಕವೆಲ್ಲಾ ಮೇಲಿರೋ ಡ್ರಿಲ್ ಪ್ರೆಸ್ಸನ್ನ ತಲೆ ಹಿಡಿದು ತಳ್ಳುವಾಗ ಚಕ್ರ ಸಿಕ್ಕಿಕೊಂಡ್ರೆ ಅದು ಮಗುಚಿ ಬೀಳುತ್ತೆ, ಎದುರಿಗಿದ್ದವರ ಕಾಲು ಹೋಗುತ್ತೆ. ತಳ್ಳೋದಾದ್ರೆ ಬುಡಕ್ಕೆ ಕೈ ಹಾಕಿ, ನಿಧಾನವಾಗಿ ತಳ್ಳಿ. ಮಷೀನಿನ ಬುಡ ತೆಳು ತಗಡಾಗಿದ್ರೆ ಒಂದೇ ಬೋಲ್ಟಿನ ಕ್ಯಾಸ್ಟರ್ ಬೇಡ, ನಾಲ್ಕು ತೂತಿನ ಪ್ಲೇಟ್ ಇರೋದೇ ತಗೊಳ್ಳಿ.

ಮೂರನೇದು ಲೇತ್. ಇಲ್ಲಿ ನನ್ನ ತೀರ್ಪು ನೇರ: ಬೇಡ. 1953ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಎಚ್‌ಎಂಟಿಯ ಟನ್ನಿಗೂ ಮೀರಿದ ಲೇತನ್ನ ಕೂರಿಸೋರು ಮೀಟರಿಗೆ 0.02 ಮಿಲಿಮೀಟರ್ ತೋರಿಸೋ ಸ್ಪಿರಿಟ್ ಲೆವೆಲ್ ಇಡ್ತಾರೆ. ಬೆಡ್ ಕೂದಲೆಳೆಯಷ್ಟು ತಿರುಚಿದ್ರೂ ಕಡಿದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಆಗುತ್ತೆ. ಒತ್ತಿದ್ರೆ ಕುಗ್ಗೋ ರಬ್ಬರ್ ಪಾದದ ಮೇಲೆ ಆ ನಿಖರತೆ ಉಳಿಯಲ್ಲ. ಅದೂ ಅಲ್ದೆ, ಪ್ರತಿ ಸಲ ಜರುಗಿಸಿದಾಗಲೂ ಲೆವೆಲ್ ಕೆಲಸ ಮೊದಲಿಂದ ಶುರು. ಲೇತ್‌ಗೆ ಒಳ್ಳೇ ಲೆವೆಲಿಂಗ್ ಪ್ಯಾಡ್ ಸಾಕು. ಮನೆ ಬದಲಿಸುವಾಗ ಹಾರೆ, ಕಬ್ಬಿಣದ ಪೈಪು, ಗೊತ್ತಿರೋ ನಾಲ್ಕು ಜನ ಇದ್ರೆ ಲೇತು ಲಾರಿ ಹತ್ತುತ್ತೆ.

ಟೇಬಲ್ ಸಾ, ಬ್ಯಾಂಡ್‌ಸಾ, ಪ್ಲೇನರ್‌ಗೆ ಮಾತ್ರ ಈ ಕ್ಯಾಸ್ಟರ್ ಧಾರಾಳವಾಗಿ ಹಾಕಿಸಿ. ಉದ್ದನೆ ಹಲಗೆ ಬಂದಾಗ ಸರಿಸಿ ಜಾಗ ಮಾಡ್ಕೋಬಹುದು. ಆದರೆ ಕೊಳ್ಳುವಾಗ ಚಕ್ರ ಎಷ್ಟು ನಯವಾಗಿ ತಿರುಗುತ್ತೆ ಅಂತ ನೋಡಿ ಮರುಳಾಗಬೇಡಿ. ವರ್ಷದಲ್ಲಿ ಅದು ಉರುಳೋದು ಒಟ್ಟು ಅರ್ಧ ಗಂಟೆ ಇರಬಹುದು. ಬ್ಲೇಡು ತಿರುಗ್ತಾ ನಿಮ್ಮ ಬೆರಳು ಪಕ್ಕದಲ್ಲೇ ಇರುವಾಗೆಲ್ಲಾ ನೀವು ನಂಬಿರೋದು ಆ ಪಾದವನ್ನ. ಅಂಗಡೀಲಿ ಮೊದಲು ಅದನ್ನ ತಿರುಗಿಸಿ ನೋಡಿ.