ಬಲೆಯ ಹಿಂದಿನ ಆಟೋರಿಕ್ಷಾ: ನಿಸರ್ಗ ಛಾಯಾಗ್ರಹಣದಲ್ಲಿ ಮನುಷ್ಯನ ಕುರುಹು

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ 'ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯ ಇತಿಹಾಸ 1965ರಷ್ಟು ಹಿಂದಿನದು. 2021ರಲ್ಲಿ ಅದರ ಕಿರಿಯರ ವಿಭಾಗದ ಅತ್ಯುನ್ನತ ಪ್ರಶಸ್ತಿ ಬೆಂಗಳೂರಿನ ಹತ್ತು ವರ್ಷದ ಬಾಲಕ ವಿದ್ಯುನ್ ಆರ್. ಹೆಬ್ಬಾರ್ ತೆಗೆದ 'ಡೋಮ್ ಹೋಮ್' ಎಂಬ ಚಿತ್ರಕ್ಕೆ ಸಂದಿತು. ಬಾಲಕನೆಂಬ ಕಾರಣಕ್ಕೆ ಈ ಚಿತ್ರಕ್ಕೆ ಯಾವ ರಿಯಾಯಿತಿಯನ್ನೂ ತೋರಬೇಕಾಗಿಲ್ಲ.

ಚಿತ್ರದಲ್ಲಿರುವುದು ಗೋಡೆಯ ಸಂದಿನಲ್ಲಿ ನೆಲೆಸಿದ ಒಂದು ಡೇರೆ ಜೇಡ. ಈ ಜೇಡವು ದಿನಕ್ಕೊಂದು ಹೊಸ ಬಲೆಯನ್ನು ನೇಯುವುದಿಲ್ಲ. ಇದ್ದುದನ್ನೇ ದುರಸ್ತಿಮಾಡಿಕೊಂಡು ಬಾಳುತ್ತದೆ. ಎಳೆಗಳಲ್ಲಿ ಅಂಟಿಲ್ಲ, ಒತ್ತಾದ ಹೆಣಿಗೆಯೇ ಕೀಟವನ್ನು ತೊಡಕಿಗೆ ಸಿಲುಕಿಸುತ್ತದೆ. ಗುಮ್ಮಟದಂತೆ ಉಬ್ಬಿದ ಆ ಬಲೆಯ ಹಿಂದೆ ಆಟೋರಿಕ್ಷಾವೊಂದು ಹಾದುಹೋಗಿ ಮಸುಕಾದ ಬಣ್ಣಗಳ ಪರದೆಯನ್ನು ಕಟ್ಟಿದೆ. ವಾಹನ ಸಾಗಿದಾಗಲೆಲ್ಲ ಬಲೆ ಅಲುಗುತ್ತಿತ್ತು. ಬಣ್ಣವನ್ನು ಕೊಟ್ಟ ವಾಹನವೇ ಜೇಡನ ಮನೆಯನ್ನು ನಡುಗಿಸುವುದೂ ಹೌದು ಎಂಬುದನ್ನು ನೋಡುಗನು ಗಮನಿಸಿದಾಗ, ಹಿನ್ನೆಲೆಯೆಂದು ತೋರಿದ್ದೇ ಚಿತ್ರದ ವಸ್ತುವಾಗಿಬಿಡುತ್ತದೆ.

ನಮ್ಮ ನಾಡಿನ ಸಲೋನ್ ಪರಂಪರೆಯಲ್ಲಿ ಬೆಳೆದವರಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಮೊದಲಾದವರಿಂದ ನಾವು ಕಲಿತ ಶಿಸ್ತು ದೊಡ್ಡದು: ತಿಂಗಳುಗಟ್ಟಲೆ ಕಾಯುವುದು, ಗೂಡಿಗೆ ತೊಂದರೆ ಕೊಡದಿರುವುದು, ಬೆಳಕನ್ನು ಅರಿಯುವುದು. ಆದರೆ ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಕೈವಾಡದ ಕುರುಹು ಕಾಣಬಾರದೆಂಬ ಸಲೋನಿನ ನಿಯಮವೂ ಆ ಶಿಸ್ತಿನೊಡನೆ ಬೆರೆತುಬಂದಿತು. ಸಲೋನೊಂದರಲ್ಲಿ ತೀರ್ಪುಗಾರನಾಗಿದ್ದಾಗ ನಾನು ಕಾಜಾಣದ ಒಂದು ಸೊಗಸಾದ ಸ್ಲೈಡನ್ನು, ಹಕ್ಕಿ ವಿದ್ಯುತ್ ತಂತಿಯ ಮೇಲೆ ಕುಳಿತಿದೆಯೆಂಬ ಒಂದೇ ಕಾರಣಕ್ಕೆ ಬದಿಗಿರಿಸಿದ್ದುಂಟು. ನಮ್ಮ ಬಯಲುಸೀಮೆಯಲ್ಲಿ ಕಾಜಾಣವು ಕೀಟಕ್ಕಾಗಿ ಹೊಂಚುಹಾಕುವುದು ಆ ತಂತಿಯ ಮೇಲಿನಿಂದಲೇ ಎಂಬುದು ನನಗೆ ಆಗಲೂ ತಿಳಿದಿತ್ತು! 2014ರಲ್ಲಿ ಫಿಯಾಪ್ ಮತ್ತಿತರ ಅಂತಾರಾಷ್ಟ್ರೀಯ ಸಂಸ್ಥೆಗಳು ಒಪ್ಪಿದ ಸಮಾನ ವ್ಯಾಖ್ಯೆಯೂ ನಿರ್ಬಂಧವನ್ನು ಉಳಿಸಿಕೊಂಡೇ, ಮನುಷ್ಯ ಮಾರ್ಪಡಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳಿಗೆ ವಿನಾಯಿತಿ ನೀಡಿದೆ. ಡೇರೆ ಜೇಡನಿಗೆ ಈ ವಿನಾಯಿತಿ ಸಲ್ಲಬಹುದು. ಆಟೋರಿಕ್ಷಾಕ್ಕೆ? ಹಳೆಯ ತೀರ್ಪುಗಾರರು ಅಲ್ಲಿ ಖಂಡಿತ ತಡೆಯುತ್ತಿದ್ದರು.

2023ರಲ್ಲಿ ಹತ್ತು ವರ್ಷದೊಳಗಿನವರ ವಿಭಾಗದಲ್ಲಿ ಗೆದ್ದ ವಿಹಾನ್ ತಾಳ್ಯ ವಿಕಾಸ್ ಅವರ ಚಿತ್ರವು ಇದೇ ಪ್ರಶ್ನೆಯನ್ನು ಮುಂದುವರಿಸುತ್ತದೆ. ದೇವನಹಳ್ಳಿ ಸಮೀಪದ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿ ಕೊಳಲೂದುವ ಕೃಷ್ಣನ ಕೆತ್ತನೆಯಿರುವ ಗೋಡೆಯ ಮೇಲೆ, ಸಾಮಾನ್ಯವಾಗಿ ಮರದ ಕಾಂಡಕ್ಕೆ ಒತ್ತಿದಂತೆ ಬಲೆ ಕಟ್ಟುವ ಜೇಡವೊಂದು ನೆಲೆಸಿದೆ. ಜೇಡನಿಗೆ ಅದು ಶಿಲ್ಪವಲ್ಲ, ಒರಟಾದ ಇನ್ನೊಂದು ಕಾಂಡ. ನಮಗೆ ಕೃಷ್ಣನನ್ನು ಬಿಟ್ಟು ಜೇಡನನ್ನು ಕಾಣುವುದು ಕಷ್ಟ. ಚಿತ್ರದ ಸ್ವಾರಸ್ಯವಿರುವುದು ಈ ಎರಡು ನೋಟಗಳ ಘರ್ಷಣೆಯಲ್ಲಿಯೇ. ಭಕ್ತಿಯ ಅರ್ಥವನ್ನಷ್ಟೇ ಹೊರಿಸಿ ಇದನ್ನು ಮೆಚ್ಚುವವರು ಅರ್ಧ ಚಿತ್ರವನ್ನು ಮಾತ್ರ ನೋಡಿದಂತೆ.

ಅದೇ ವರ್ಷ ಅಕಶೇರುಕಗಳ ವರ್ತನೆಯ ವಿಭಾಗದಲ್ಲಿ ಗೆದ್ದ ಶ್ರೀರಾಮ್ ಮುರಳಿ ಅವರ ಆನೆಮಲೆಯ ಮಿಂಚುಹುಳುಗಳ ಚಿತ್ರವನ್ನು ಕುರಿತು ನನ್ನ ಮೆಚ್ಚುಗೆ ಸ್ವಲ್ಪ ಬೇರೆ ಬಗೆಯದು. ತಲಾ 19 ಸೆಕೆಂಡುಗಳ 50 ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ, ಸುಮಾರು 16 ನಿಮಿಷಗಳ ಮಿನುಗನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಲಾಗಿದೆ. ಆ ಕಾಡಿನಲ್ಲಿ ನಿಂತವನಿಗೆ ಒಂದೇ ಕ್ಷಣದಲ್ಲಿ ಅಷ್ಟು ಬೆಳಕು ಕಾಣದು. ಇದು ಸುಳ್ಳೆಂದು ನಾನು ಹೇಳಲಾರೆ. ಇಲ್ಲಿ ದಾಖಲಾಗಿರುವುದು ಕ್ಷಣವಲ್ಲ, ಅವಧಿ. ಮೆಚ್ಚುವಾಗ ಈ ವ್ಯತ್ಯಾಸವನ್ನು ಮರೆಯಬಾರದೆಂಬುದಷ್ಟೇ ನನ್ನ ತಕರಾರು. ಕಾಜಾಣದ ಆ ಸ್ಲೈಡಾದರೋ ಒಂದೇ ಕ್ಷಣದ್ದಾಗಿತ್ತು, ತಂತಿಯೂ ನಿಜವಾಗಿತ್ತು.