ಹೆಸರು ಉಳಿಯಿತು, ಕೇರಿ ಎಲ್ಲಿ?

ನಂಜನಗೂಡಿನ ಸ್ನಾನಘಟ್ಟವನ್ನು ಹಾದು ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರು ತಲಕಾಡಿನ ಮರಳನ್ನು ಬಳಸಿಕೊಂಡು ಹೋಗಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಆ ನೀರಿನಿಂದ 1902ರಲ್ಲಿ ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ದಡದಲ್ಲಿದ್ದ ನಮ್ಮ ಮನೆಗಳಿಗಲ್ಲ. ತೊಂಬತ್ತು ಮೈಲಿಗೂ ಮಿಕ್ಕ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೇ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಹೀಗೆ ನಮ್ಮ ಹೊಳೆಗೂ ಆ ಊರಿಗೂ ಒಂದು ಹಳೆಯ ನಂಟು ಉಂಟು. ಆ ನಂಟಿನ ಸಲುಗೆಯಿಂದಲೇ ನಾಲ್ಕು ಮಾತು ಬರೆಯುತ್ತಿದ್ದೇನೆ.

2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಎಂಬ ಕನ್ನಡ ಚಿತ್ರ ತೆರೆಗೆ ಬಂತು. 2022ರ ಏಪ್ರಿಲಿನಲ್ಲಿ ಅದರ ಎರಡನೆಯ ಭಾಗ. ಕನ್ನಡವೆಂಬ ಭಾಷೆಯೊಂದಿದೆ ಎಂದು ತಿಳಿಯದಿದ್ದವರ ಬಾಯಲ್ಲೂ ಈ ಮೂರಕ್ಷರ ಓಡಾಡುವಂತಾಯಿತು. ಸಂತೋಷದ ಸಂಗತಿಯೇ. ಆದರೆ ಹೆಸರು ಅಷ್ಟು ದೂರ ಹೋದಾಗ ಅದರ ಜೊತೆಗೆ ಊರೂ ಸ್ವಲ್ಪ ದೂರ ಹೋಯಿತೇ ಎಂದು ಕೇಳಬೇಕಾದದ್ದು ವಿಮರ್ಶಕನ ಕೆಲಸ. ಚಿತ್ರದಲ್ಲಿರುವ ಗಣಿ ನರಾಚಿ, ಕಲ್ಪನೆಯ ಗಣಿ. ಅಲ್ಲಿ ದುಡಿಯುವವರು ಗುಲಾಮರು. ಮುಖಕ್ಕೆ ಮಸಿ ಬಳಿದುಕೊಂಡು ರಕ್ಷಕನೊಬ್ಬನ ಹಾದಿ ಕಾಯುವವರು. ರಕ್ಷಕ ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದು ಬರುತ್ತಾನೆ. ನಮ್ಮ ಜಿಲ್ಲೆಗೆ ಅಷ್ಟರಮಟ್ಟಿನ ಗೌರವ ಸಂದಿದೆಯೆನ್ನಬಹುದು.

ಕಲ್ಪನೆಯ ಕಥೆಗೆ ಇತಿಹಾಸದ ಹೊಣೆ ಹೊರಿಸಬಾರದೆಂದು ಹೇಳುವವರಿದ್ದಾರೆ. ಒಪ್ಪಿದೆ. ನನ್ನ ತಕರಾರು ಗಣಿಯನ್ನು ಕಲ್ಪಿಸಿದ್ದರ ಮೇಲಲ್ಲ, ಗಣಿಯವರನ್ನು ಕಲ್ಪಿಸದೆ ಬಿಟ್ಟದ್ದರ ಮೇಲೆ. ಅಷ್ಟು ಜನ ಸೇರಿದ ತೆರೆಯ ಮೇಲೆ ಒಂದು ಬೀದಿಯಿಲ್ಲ, ಒಂದು ಅಂಗಡಿಯಿಲ್ಲ, ತನ್ನ ನೆರೆಮನೆಯವಳೊಡನೆ ಜಗಳವಾಡುವ ಒಬ್ಬ ಹೆಂಗಸಿಲ್ಲ.

ನಿಜವಾದ ಊರಿನಲ್ಲಿ ಇವೆಲ್ಲವೂ ಇದ್ದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ, ಕುರುಚಲು ಬಯಲಾಗಿದ್ದ ಆ ನೆಲಕ್ಕೆ ಎತ್ತೆತ್ತಲಿಂದಲೋ ಜನ ಬಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ತವರದ ಗಣಿಯ ಅನುಭವವಿದ್ದವರು ಬಂದರು, ಇಟಲಿಯವರು ಬಂದರು, ಆಂಗ್ಲೋ-ಇಂಡಿಯನ್ನರು ಬಂದರು. ಎಲ್ಲರಿಗಿಂತ ಹೆಚ್ಚಾಗಿ ಬಂದವರು ಆರ್ಕಾಟಿನ ಸೀಮೆಯ ತಮಿಳರು. ಊರ ಹೊರಗಿನ ಕೇರಿಗಳಲ್ಲಿ ಹುಟ್ಟಿ, ಜಮೀನ್ದಾರನ ಹೊಲದಿಂದ ತಪ್ಪಿಸಿಕೊಂಡು ಬಂದವರು. ಸಾಹೇಬರಿಗೆ ತೋಟವಿದ್ದ ಬಂಗಲೆ ಮತ್ತು ಕ್ಲಬ್ಬು. ಕೂಲಿಯವರಿಗೆ ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಆ ಸಾಲಿಗೆ ‘ಲೈನು’ ಎಂದೇ ಹೆಸರಾಯಿತು. ಪೇಟೆಗಳಿಗೆ ರಾಬರ್ಟ್‌ಸನ್, ಆಂಡರ್ಸನ್ ಮೊದಲಾದ ಸಾಹೇಬರ ಹೆಸರು ಬಿತ್ತು. ತಮ್ಮ ಬೀದಿಗೆ ಹೆಸರಿಡುವ ಅಧಿಕಾರ ಅಲ್ಲಿ ಬಾಳಿದವರಿಗೆ ಮೊದಲಿನಿಂದಲೂ ಇರಲಿಲ್ಲ. ಬಂಗಲೆಗಳ ಭಾಗವನ್ನು ಚಿಕ್ಕ ಇಂಗ್ಲೆಂಡೆಂದು ಕರೆದದ್ದು ಇಂದಿಗೂ ಪ್ರವಾಸಿಗಳ ಬಾಯಲ್ಲಿದೆ. ಲೈನುಗಳಿಗೆ ಅಂಥ ಅಡ್ಡಹೆಸರೂ ಸಿಕ್ಕಲಿಲ್ಲ.

ಆದರೆ ಆ ಲೈನುಗಳವರು ರಕ್ಷಕನಿಗಾಗಿ ಕಾದು ಕುಳಿತಿರಲಿಲ್ಲ. ಮದರಾಸಿನಲ್ಲಿ ಅಯೋತಿ ದಾಸರು 1898ರಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂನಲ್ಲಿಯೂ ಚಾಂಪಿಯನ್ ರೀಫಿನಲ್ಲಿಯೂ ಬೇರುಬಿಟ್ಟವು. ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಸುಮಾರು ಅರ್ಧ ಶತಮಾನ ಮುಂಚೆಯೇ ಇಲ್ಲಿನ ಗಣಿಕೂಲಿಗಳು ಬುದ್ಧನ ಹೆಸರು ಹೇಳುತ್ತಿದ್ದರು. ಹಗಲು ಪಾತಾಳಕ್ಕಿಳಿದು ಬಂದವರು ಸಂಜೆ ಪತ್ರಿಕೆ ಓದಿಸಿ ಕೇಳುತ್ತಿದ್ದರು. 1930ರಲ್ಲಿ ಕೂಲಿಯವರೆಲ್ಲರ ಬೆರಳಚ್ಚು ತೆಗೆದು ದಾಖಲೆ ಮಾಡುವ ಕ್ರಮ ಬಂದಾಗ, ನಾವೇನು ಕಳ್ಳರೇ ಎಂದು ಕೆರಳಿ ಕೆಲಸ ನಿಲ್ಲಿಸಿದವರೂ ಇವರೇ. ಈ ಕಥೆಯನ್ನು ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ, ಬೆಂಗಳೂರಿನ ಗಿರಣಿ ಕೆಲಸಗಾರರ ಕಥೆಯ ಜೊತೆಗಿಟ್ಟು, ವಿಸ್ತಾರವಾಗಿ ಬರೆದಿದ್ದಾರೆ. ಕಥೆ ಸಿಕ್ಕಲಿಲ್ಲವೆಂದು ಯಾರೂ ಹೇಳುವಂತಿಲ್ಲ.

2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ ಈ ಸಾಲವನ್ನು ತೀರಿಸಲು ಹೊರಟಿತು. ಆರ್ಕಾಟಿನಿಂದ ಚಿನ್ನ ಹುಡುಕಿ ಹೊರಟವರು ಅಲ್ಲಿ ಗುಂಪಲ್ಲ. ಅವರಿಗೆ ಮುಖವಿದೆ, ಹಟವಿದೆ, ಬುದ್ಧನ ನೆನಪಿದೆ. ಕೂಲಿಯನ್ನು ಕಥೆಯ ನಡುವಿಗೆ ತಂದದ್ದು ದೊಡ್ಡ ಮಾತು. ಆದರೂ ನನಗೆ ತೃಪ್ತಿಯಾಗಲಿಲ್ಲ. ಆ ಚಿತ್ರ ಅವರಿಗೆ ಪುರಾಣವನ್ನು ಕೊಟ್ಟಿತೇ ಹೊರತು ವಿಳಾಸವನ್ನು ಕೊಡಲಿಲ್ಲ. ಒಂದು ಚಿತ್ರ ಮಾಂತ್ರಿಕ ಮೊದಲನ್ನು ಹೇಳುತ್ತದೆ, ಇನ್ನೊಂದು ಅಬ್ಬರದ ಕೊನೆಯನ್ನು. ನಡುವೆ ನೂರಿಪ್ಪತ್ತು ವರ್ಷ ಜನ ಅಲ್ಲಿ ಅಕ್ಕಿ ಬೇಯಿಸಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಹತ್ತು ಸಾವಿರ ಅಡಿಗೂ ಆಳಕ್ಕೆ ಹೋದ ಗಣಿಯಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. ಆ ನಡುಕ ಕೇಳಿ ಒಲೆಯ ಮುಂದಿನಿಂದ ಎದ್ದು ನಿಂತವಳ ಮನಸ್ಸಿನಲ್ಲಿ ಒಂದು ಕಾದಂಬರಿಯೇ ಇದೆ.

‘ಅವರು ವಲಸೆ ಬಂದವರಲ್ಲವೇ, ಅವರ ಕಥೆಯನ್ನು ಅವರ ಭಾಷೆಯವರು ಬರೆಯಲಿ’ ಎಂಬ ಮಾತನ್ನು ನಾನು ಕೇಳಿದ್ದೇನೆ, ಅದೂ ಓದಿಕೊಂಡವರಿಂದ. ಹಾಗೆನ್ನುವವರು ಒಮ್ಮೆ ನಮ್ಮ ತಾಲ್ಲೂಕಿನ ಸೋಮನಾಥಪುರಕ್ಕೆ ಬರಬೇಕು. ಹದಿಮೂರನೆಯ ಶತಮಾನದಲ್ಲಿ ಸೋಮನಾಥ ದಂಡನಾಯಕನು ಅಗ್ರಹಾರ ಕಟ್ಟಿಸಿ ಬ್ರಾಹ್ಮಣರನ್ನು ನೆಲೆಗೊಳಿಸಿದನೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಪಕ್ಕದ ತಲಕಾಡು ಚೋಳರ ಕಾಲದಲ್ಲಿ ರಾಜರಾಜಪುರವಾಗಿತ್ತು. ತಮಿಳು ಶಾಸನಗಳು ಇಂದಿಗೂ ಅಲ್ಲಿವೆ. ದಾನಶಾಸನ ಹಿಡಿದು ಬಂದವನು ನಮ್ಮವನಾದ. ಗುದ್ದಲಿ ಹಿಡಿದು ಬಂದವನ ಐದನೆಯ ತಲೆಮಾರಿಗೂ ‘ನಿಮ್ಮ ಕಡೆ ಯಾವುದು?’ ಎಂಬ ಪ್ರಶ್ನೆ ತಪ್ಪಿಲ್ಲ.

ಭಾಷೆಯ ತೊಡಕು ಸಣ್ಣದಲ್ಲ, ಬಲ್ಲೆ. ಲೈನುಗಳ ಮಾತು ತಮಿಳು. ಆದರೆ ಮದರಾಸಿನ ತಮಿಳಲ್ಲ, ಕನ್ನಡ ತೆಲುಗುಗಳು ನುಸುಳಿದ, ಗಣಿಯ ಇಂಗ್ಲಿಷು ಅಂಟಿಕೊಂಡ ತಮಿಳು. ಅದನ್ನು ಕನ್ನಡ ಗದ್ಯದೊಳಗೆ ತರುವುದು ಹೇಗೆ? ಇಲ್ಲಿ ನಂಜನಗೂಡು ತಾಲ್ಲೂಕಿನ ಒಂದು ನಿದರ್ಶನ ನೆನಪಾಗುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ, ಈ ಆಡುಮಾತನ್ನು ಬೇರೆ ಸೀಮೆಯವರು ಹೇಗೆ ಓದಬೇಕು ಎಂದು ಗೊಣಗಿದವರು ಹಲವರು. ಲೇಖಕರು ಮಾತನ್ನು ತಿದ್ದಿ ಶಿಷ್ಟಗೊಳಿಸಲಿಲ್ಲ. ಓದುಗನೇ ಕೇರಿಯ ಜಗಲಿಗೆ ಬಂದು ಕಿವಿಗೊಡಬೇಕಾಯಿತು. 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಅದಕ್ಕೆ ಬಂತು. ಕೇರಿಯೊಂದು ಸಾಹಿತ್ಯಕ್ಕೆ ಬರುವುದು ಅದರ ದುಃಖದ ಪಟ್ಟಿಯಿಂದಲ್ಲ, ಅದರ ಮಾತಿನ ಲಯದಿಂದ ಎಂಬುದನ್ನು ಆ ಸಣ್ಣ ಕೃತಿ ತೋರಿಸಿದೆ. ಕನ್ನಡದೊಳಗಿನ ಒಂದು ಕೇರಿಗೆ ಸಾಧ್ಯವಾದದ್ದು ಎರಡು ಭಾಷೆಗಳ ಗಡಿಯ ಮೇಲಿರುವ ಕೇರಿಗೆ ಹೆಚ್ಚು ಕಷ್ಟ, ಅಸಾಧ್ಯವೆಂದು ಹೇಳಲಾರೆ. ಬರೆಯುವವನು ಲೈನಿನಲ್ಲಿ ಬೆಳೆದು ಕನ್ನಡ ಶಾಲೆಯಲ್ಲಿ ಓದಿದವನಾದರೆ ಇನ್ನೂ ಒಳ್ಳೆಯದು. ಅಂಥವರು ಈಗ ಇದ್ದೇ ಇರುತ್ತಾರೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೆಲದಿಂದ ಎತ್ತಿದ ಸುಮಾರು 800 ಟನ್ ಚಿನ್ನ ಎಲ್ಲೆಲ್ಲಿಗೋ ಹೋಯಿತು. ಚಿನ್ನ ತೆಗೆದ ಮೇಲೆ ಉಳಿದ ಸಯನೈಡಿನ ಮಣ್ಣು ಗುಡ್ಡಗಳಾಗಿ ಅಲ್ಲಿಯೇ ನಿಂತಿದೆ. ಗಾಳಿ ಬೀಸಿದರೆ ಆ ಧೂಳು ಮನೆಯೊಳಕ್ಕೆ ಬರುತ್ತದೆ. ಸಿನಿಮಾದವರಿಗೆ ಆ ಗುಡ್ಡಗಳು ಒಳ್ಳೆಯ ಹಿನ್ನೆಲೆಯಾದವು. ಅವುಗಳ ಬುಡದಲ್ಲಿರುವವರು ಬೆಳಕು ಹರಿಯುವ ಮುನ್ನ ಬುತ್ತಿ ಕಟ್ಟಿಕೊಂಡು ಮಾರಿಕುಪ್ಪಂನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ; ರಾತ್ರಿ ಹಿಂದಿರುಗುತ್ತಾರೆ. ಹಿರಿಯರು ವಲಸೆ ಬಂದ ಊರಿನಿಂದ ಮೊಮ್ಮಕ್ಕಳು ದಿನಕ್ಕೊಂದು ಸಲ ವಲಸೆ ಹೋಗಿ ಬರುತ್ತಿದ್ದಾರೆ. ಆ ರೈಲಿನಲ್ಲಿ ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ, ಮೂರು ಭಾಷೆಯಲ್ಲಿ ಮಾತು ನಡೆಯುತ್ತದೆ.