ಮಫ್ಲರ್ ಸುತ್ತಿದ ಬಟ್ಟೆ ಗೊಂಬೆ

ಟೀವಿಯ ಪಾತ್ರವೊಂದನ್ನು ಬಟ್ಟೆ ಗೊಂಬೆ ಮಾಡಿಕೊಡಿ ಎಂದು ಆರ್ಡರ್ ಬಂದಾಗ ಹೊಲಿಯುವವರು ಮೊದಲು ಯೋಚಿಸುವುದು ಏನನ್ನು ಬಿಡಬೇಕು ಎಂದು. ಅಂಗೈಯಗಲದ ಮುಖದಲ್ಲಿ ನಟನ ಮೂಗು, ಕೆನ್ನೆ, ಗದ್ದ ಎಲ್ಲವೂ ಹಿಡಿಸುವುದಿಲ್ಲ.

ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ 1974ರಿಂದ 1981ರವರೆಗೆ ಟಾಮ್ ಬೇಕರ್ ಅಭಿನಯಿಸಿದ ನಾಲ್ಕನೇ ಡಾಕ್ಟರನ್ನೇ ನೋಡಿ. ಗುಂಗುರು ಕೂದಲು, ಅಗಲ ಅಂಚಿನ ಹ್ಯಾಟು, ಮೈತುಂಬ ಸುತ್ತಿಯೂ ಮಿಗುವ ಪಟ್ಟೆಪಟ್ಟೆ ಮಫ್ಲರ್. ಇಷ್ಟಿದ್ದರೆ ಕಣ್ಣು ಬರೀ ಎರಡು ನೂಲಿನ ಗಂಟಾದರೂ ಅಭಿಮಾನಿಗೆ ಗುರುತು ಸಿಗುತ್ತದೆ. ಆ ಮಫ್ಲರ್ ಅಷ್ಟುದ್ದವಾದದ್ದೂ ಕೈಕೆಲಸದ ತಮಾಷೆಯಿಂದಲೇ. ವಸ್ತ್ರವಿನ್ಯಾಸಕ ಜೇಮ್ಸ್ ಆಚಿಸನ್ ಕೊಟ್ಟ ಉಣ್ಣೆಯನ್ನೆಲ್ಲ ಬೆಗೋನಿಯಾ ಪೋಪ್ ಎಂಬಾಕೆ ಒಂದಿಷ್ಟೂ ಉಳಿಸದೆ ಹೆಣೆದುಬಿಟ್ಟರು!

ಗೊಂಬೆಗೆ ಅದನ್ನೇ ಹೆಣೆಯಲು ತೆಳು ನೂಲು, ಸಣ್ಣ ಕಡ್ಡಿ ಬೇಕು. ದಪ್ಪ ನೂಲಾದರೆ ಡಾಕ್ಟರು ಕಂಬಳಿ ಹೊದ್ದಂತೆ ಕಾಣುತ್ತಾರೆ. ಇನ್ನು ಕಣ್ಣಿಗೆ ಬೀಳದ ಕುಶಲತೆ ಬೇರೆಯೇ ಇದೆ. ಬಟ್ಟೆಯನ್ನು ಒಳಮಗ್ಗುಲಿಗೆ ಹೊಲಿದು, ಬಾಗಿದ ಅಂಚುಗಳಿಗೆ ಕತ್ತರಿಯಿಂದ ಕಚ್ಚು ಕೊಟ್ಟು ತಿರುಗಿಸಬೇಕು. ಇಲ್ಲವಾದರೆ ಕೆನ್ನೆ ಸುಕ್ಕುಗಟ್ಟುತ್ತದೆ. ಹತ್ತಿಯನ್ನು ಚೂರುಚೂರಾಗಿ ತುಂಬಬೇಕು. ಕತ್ತಿನಲ್ಲಿ ಬಿಗಿ ಸಾಲದಿದ್ದರೆ ತಲೆ ವಾಲುತ್ತದೆ. ಕೂಸಿನ ಕೈಗೆ ಹೋಗುವ ಗೊಂಬೆಗೆ ಗುಂಡಿಯ ಕಣ್ಣು ಬೇಡ, ನೂಲಿನಲ್ಲೇ ಹೊಲಿಯುವುದು ಕ್ಷೇಮ.

ಕಾರ್ಖಾನೆಯ ಗೊಂಬೆ ಎಲ್ಲರಿಗೂ ಒಂದೇ. ಹೇಳಿ ಮಾಡಿಸಿದ್ದರಲ್ಲಿ ಮಾತ್ರ ಒಬ್ಬರಿಗೆ ಡಾಕ್ಟರನ ತುಂಟ ನಗು ಬೇಕು, ಇನ್ನೊಬ್ಬರಿಗೆ ಜೇಬಿನಿಂದ ಇಣುಕುವ ಮಿಠಾಯಿ ಪೊಟ್ಟಣ. ಪಾತ್ರವನ್ನು ನೋಡುಗ ಹೇಗೆ ಪ್ರೀತಿಸಿದ್ದಾನೆಂದು ಕೇಳಿ ತಿಳಿದು ಹೊಲಿಯುವ ಈ ಸೂಜಿಗೆ ನನ್ನ ಮೆಚ್ಚುಗೆ.